ಗುಜರಿಗೆ ಹೊರಟಿದ್ದ ಆಂಪ್ಲಿಫೈಯರ್‌ಗೆ ವೈ-ಫೈ

ಕಳೆದ ಸೆಮಿಸ್ಟರ್ ರಜೆಯಲ್ಲಿ ನಾವು ಮೂವರು ಸಾಗರದಲ್ಲಿರುವ ಗೆಳೆಯನ ಮನೆಗೆ ಹೋಗಿದ್ದೆವು. ಹಜಾರದ ಮೂಲೆಯಲ್ಲಿ ಅವನ ತಾತನ ಸ್ಟೀರಿಯೋ ಸೆಟ್ ಇತ್ತು. 1980ರ ದಶಕದ ಆಂಪ್ಲಿಫೈಯರ್, ಮೊಣಕಾಲೆತ್ತರದ ಎರಡು ಮರದ ಸ್ಪೀಕರ್, ಮೇಲೊಂದು ಕೆಟ್ಟ ಕ್ಯಾಸೆಟ್ ಡೆಕ್. ತಾತ ಈಗಿಲ್ಲ. ಅಂಕಲ್ ಅದನ್ನೆಲ್ಲ ಗುಜರಿಗೆ ಹಾಕಿ ಸೌಂಡ್‌ಬಾರ್ ತರುವ ಯೋಚನೆಯಲ್ಲಿದ್ದರು. ಅಜ್ಜಿಗೆ ಮನಸ್ಸಿರಲಿಲ್ಲ. "ಕೆಟ್ಟಿದ್ದು ಟೇಪು ಕಣ್ರೋ, ಪೆಟ್ಟಿಗೆ ಅಲ್ವಲ್ಲ" ಅಂದರು. ಇಂಜಿನಿಯರಿಂಗ್ ಓದುವ ನಾವು ಹೇಳಬೇಕಾಗಿದ್ದ ಮಾತು ಅದು!

ಆಂಪ್ಲಿಫೈಯರ್‌ಗೆ ಸಂಗೀತ ಎಲ್ಲಿಂದ ಬರುತ್ತದೆ ಅನ್ನುವುದು ಬೇಕಾಗಿಲ್ಲ. ಅದಕ್ಕೆ ಬೇಕಿರುವುದು ಸರಿಯಾದ ಮಟ್ಟದ ಅನಲಾಗ್ ವೋಲ್ಟೇಜ್, ಅಷ್ಟೆ. ಸ್ಟ್ರೀಮಿಂಗ್ ಅಂದರೆ ಡೆಕ್ ಇದ್ದ ಜಾಗಕ್ಕೆ ಬರುವ ಇನ್ನೊಂದು ಮೂಲ. ದೊಡ್ಡ ಟ್ರಾನ್ಸ್‌ಫಾರ್ಮರ್, ದೊಡ್ಡ ಸ್ಪೀಕರ್ ಕೋನ್, ಮರದ ಪೆಟ್ಟಿಗೆ, ಇವೇ ದುಬಾರಿ ಭಾಗಗಳು. ಅವೆಲ್ಲ ಮನೆಯಲ್ಲೇ ಇದ್ದವು.

ಸುಲಭದ ದಾರಿ ಬ್ಲೂಟೂತ್ ರಿಸೀವರ್. ಆದರೆ ಸ್ಟ್ರೀಮಿಂಗ್ ಆ್ಯಪ್‌ನಲ್ಲಿ ಒಮ್ಮೆ ಕುಗ್ಗಿಸಿದ ಹಾಡನ್ನು ಫೋನು ಬಿಚ್ಚಿ, ಬ್ಲೂಟೂತ್‌ಗಾಗಿ ಮತ್ತೊಮ್ಮೆ ಕುಗ್ಗಿಸುತ್ತದೆ. ಸಿಡಿಯ ದರ ಸೆಕೆಂಡಿಗೆ 1,411 ಕಿಲೋಬಿಟ್ (44,100 × 16 × 2, ನೀವೇ ಗುಣಿಸಿ ನೋಡಿ). ಬ್ಲೂಟೂತ್‌ನ ಸಾಮಾನ್ಯ ಎಸ್‌ಬಿಸಿ ಕೊಡೆಕ್‌ನಲ್ಲಿ ಸಿಗುವುದು ಹೆಚ್ಚೆಂದರೆ 328ರ ಆಸುಪಾಸು. ಅದಕ್ಕಿಂತ ದೊಡ್ಡ ತೊಂದರೆ ಬೇರೆ: ಫೋನಿಗೆ ಕಾಲ್ ಬಂದರೆ ಹಾಡು ನಿಲ್ಲುತ್ತದೆ. ಅಜ್ಜಿಯ ಹತ್ತಿರವಂತೂ ಸ್ಮಾರ್ಟ್‌ಫೋನೇ ಇಲ್ಲ.

ಹಾಗಾಗಿ ವೈ-ಫೈಯಿಂದ ತಾನೇ ಹಾಡು ಎಳೆದುಕೊಳ್ಳುವ ಪುಟ್ಟ ಕಂಪ್ಯೂಟರ್ ಇಡೋಣ ಅಂತ ತೀರ್ಮಾನಿಸಿದೆವು. ರಾಸ್ಪ್‌ಬೆರಿ ಪೈ ಝೀರೋ 2 ಡಬ್ಲ್ಯೂ, ಪಿಸಿಎಂ5102ಎ ಚಿಪ್ ಇರುವ ಡಿಎಸಿ ಬೋರ್ಡ್, ಮೈಕ್ರೋ ಎಸ್‌ಡಿ ಕಾರ್ಡ್, ಅಡಾಪ್ಟರ್. ಎಲ್ಲ ಸೇರಿ ನಮಗೆ ಸುಮಾರು 3,000 ರೂಪಾಯಿ ಆಯ್ತು. ಡಿಎಸಿ ಯಾಕೆ ಅಂದ್ರೆ, ಆ ಪೈಯಲ್ಲಿ ಹೆಡ್‌ಫೋನ್ ಕಿಂಡಿಯೇ ಇಲ್ಲ. ಈ ಚಿಪ್ ಸುಮಾರು 2.1 ವೋಲ್ಟ್ ಆರ್‌ಎಂಎಸ್ ಕೊಡುತ್ತದೆ, ಅಂದರೆ ಹೆಚ್ಚುಕಡಿಮೆ ಸಿಡಿ ಪ್ಲೇಯರ್‌ನಷ್ಟೇ.

ಆಂಪ್ಲಿಫೈಯರ್ ಹಿಂದೆ ಫೋನೋ, ಟ್ಯೂನರ್, ಟೇಪ್, ಆಕ್ಸ್ ಅಂತ ನಾಲ್ಕು ಜೋಡಿ ಕಿಂಡಿಗಳಿದ್ದವು. ನಮ್ಮಲ್ಲೊಬ್ಬ 'ಫೋನೋ' ಅಂದ್ರೆ ಫೋನಿಗೆ ಅಂದುಕೊಂಡು ಅಲ್ಲಿಗೇ ಲ್ಯಾಪ್‌ಟಾಪ್ ಚುಚ್ಚಿದ. ಕರ್ಕಶ ಅಂದ್ರೆ ಅದು! ಫೋನೋ ಇರುವುದು ಗ್ರಾಮಫೋನ್ ಮುಳ್ಳಿಗೆ. ಅದರಿಂದ ಬರುವುದು ಸುಮಾರು 5 ಮಿಲಿವೋಲ್ಟ್, ಹಾಗಾಗಿ ಆ ಘಟ್ಟ ಸಿಗ್ನಲ್ಲನ್ನು ಸುಮಾರು ನೂರು ಪಟ್ಟು ಹಿಗ್ಗಿಸುತ್ತದೆ. ಮೇಲಿಂದ ಆರ್‌ಐಎಎ ತಿದ್ದುಪಡಿ ಬೇರೆ: 20 ಹರ್ಟ್ಸ್‌ನಲ್ಲಿ ಸುಮಾರು 19 ಡೆಸಿಬೆಲ್ ಏರಿಕೆ, 20 ಕಿಲೋಹರ್ಟ್ಸ್‌ನಲ್ಲಿ ಹೆಚ್ಚುಕಡಿಮೆ ಅಷ್ಟೇ ಇಳಿಕೆ. 2 ವೋಲ್ಟ್ ಅಂದರೆ ಮುಳ್ಳಿನ ನಾನೂರು ಪಟ್ಟು! ಆಕ್ಸ್, ಟ್ಯೂನರ್, ಟೇಪ್ ಇನ್, ಈ ಮೂರರಲ್ಲಿ ಯಾವುದಾದರೂ ಸರಿ. ಫೋನೋ ಮಾತ್ರ ಮುಟ್ಟಬೇಡಿ.

ಆಕ್ಸ್‌ಗೆ ಬದಲಿಸಿದ ಮೇಲೆ ಹಾಡು ಚೆನ್ನಾಗಿ ಬಂತು, ಜೊತೆಗೆ ಗುಂಯ್ ಅನ್ನೋ ಸದ್ದೂ ಬಂತು. ಒಳಗಿನಿಂದ ಅಜ್ಜಿ, "ತಂಬೂರಿ ಶ್ರುತಿ ಸೇರ್ತಾ ಇಲ್ಲ ಕಣೋ" ಅಂದರು. ಅದು ಕರೆಂಟಿನ 50 ಹರ್ಟ್ಸ್ ಶ್ರುತಿ. ಲ್ಯಾಪ್‌ಟಾಪ್ ಚಾರ್ಜರ್ ಕಿತ್ತರೆ ಮಾಯ, ಹಾಕಿದರೆ ಹಾಜರು. ಯಾಕೆ ಅಂತ ಹುಡುಕಿದಾಗ ಸಿಕ್ಕಿದ್ದು ಟೇಪ್ ಕಿಂಡಿಯಿಂದ ಟಿವಿಯ ಸೆಟ್‌ಟಾಪ್ ಬಾಕ್ಸ್‌ಗೆ ಹೋಗಿದ್ದ ಹಳೇ ವೈರು. ಚಾರ್ಜರ್‌ನ ಮೂರನೇ ಪಿನ್ ಮೂಲಕ ಒಂದು ಅರ್ತ್, ಕೇಬಲ್ ಟಿವಿ ತಂತಿಯ ಹೊರಕವಚದ ಮೂಲಕ ಇನ್ನೊಂದು. ಎರಡರ ನಡುವೆ ಕರೆಂಟು ಸುತ್ತುತ್ತಾ ಆಡಿಯೋ ವೈರಿನ ಗ್ರೌಂಡ್‌ನಲ್ಲೇ ಹರಿಯುತ್ತಿತ್ತು. ಪಠ್ಯದಲ್ಲಿ ಓದಿದ ಗ್ರೌಂಡ್ ಲೂಪ್ ಕಿವಿಗೆ ಬಿದ್ದಿದ್ದು ಅವತ್ತೇ ಮೊದಲು. ಬಳಕೆಯಲ್ಲಿಲ್ಲದ ಟಿವಿ ವೈರು ಕಿತ್ತೆವು, ಸದ್ದು ಹೋಯ್ತು. ಸದ್ದು ನಿಲ್ಲಿಸೋಕೆ ಪ್ಲಗ್ಗಿನ ಅರ್ತ್ ಪಿನ್ ಮುರಿಯುವವರಿದ್ದಾರೆ. ದಯವಿಟ್ಟು ಹಾಗೆ ಮಾಡ್ಬೇಡಿ. ಲೋಹದ ಪೆಟ್ಟಿಗೆಗೆ ಕರೆಂಟು ಇಳಿದರೆ ನಿಮ್ಮನ್ನು ಕಾಯುವುದು ಅದೊಂದೇ.

ಇನ್ನು ಬೋರ್ಡ್ ಜೋಡಣೆ. ಪೈಯ ಜಿಪಿಐಒ 18ರಿಂದ ಬಿಟ್ ಕ್ಲಾಕ್, 19ರಿಂದ ಎಡ-ಬಲ ಹೇಳುವ ಕ್ಲಾಕ್, 21ರಿಂದ ಡೇಟಾ, ಜೊತೆಗೆ 5 ವೋಲ್ಟ್ ಮತ್ತು ಗ್ರೌಂಡ್. ಐದೇ ವೈರು. ಆದರೂ ಅರ್ಧ ದಿನ ಸದ್ದೇ ಇಲ್ಲ, ಆಗಾಗ ಚಟಪಟ ಮಾತ್ರ. ಆಮೇಲೆ ಡೇಟಾಶೀಟ್ ತೆಗೆದು ನೋಡಿದರೆ, ಎಸ್‌ಸಿಕೆ ಪಿನ್ನನ್ನು ಗ್ರೌಂಡ್‌ಗೆ ಕಟ್ಟಿದರೆ ಮಾತ್ರ ಚಿಪ್ ತನ್ನ ಕ್ಲಾಕನ್ನು ತಾನೇ ತಯಾರಿಸಿಕೊಳ್ಳುತ್ತದೆ. ನಮ್ಮದು ಗಾಳಿಯಲ್ಲಿ ತೇಲುತ್ತಿತ್ತು. ಒಂದು ಹನಿ ಸೀಸ ಹಾಕಿದ ಮೇಲೆ ಸರಿಹೋಯ್ತು. ಡೇಟಾಶೀಟ್ ಮೊದಲೇ ಓದಬಹುದಿತ್ತು, ನಿಜ.

ಸಾಫ್ಟ್‌ವೇರ್‌ಗೆ ಉಚಿತವಾಗಿ ಸಿಗುವ ಮೂಡ್ ಆಡಿಯೋ ಹಾಕಿ, ಬ್ರೌಸರ್‌ನಲ್ಲೇ ಡಿಎಸಿ ಆರಿಸಿದೆವು. ಅದರ ವಾಲ್ಯೂಮ್ ಪೂರ್ತಿ ಏರಿಸಿಟ್ಟು, ಸದ್ದು ಹೆಚ್ಚು-ಕಡಿಮೆ ಮಾಡುವುದನ್ನು ಆಂಪ್ಲಿಫೈಯರ್‌ನ ಗುಂಡಿಗೇ ಬಿಟ್ಟೆವು. ಮೊದಲ ಸಲ ಆನ್ ಮಾಡುವಾಗ ಆ ಗುಂಡಿ ಸೊನ್ನೆಯಲ್ಲಿರಲಿ. ಪೈಯನ್ನು ಆಂಪ್ಲಿಫೈಯರ್ ಒಳಗೇ ಅಡಗಿಸಲು ಹೋಗಬೇಡಿ, ಲೋಹದ ಪೆಟ್ಟಿಗೆ ವೈ-ಫೈಯನ್ನು ನುಂಗುತ್ತದೆ.

ಉಳಿದಿದ್ದು ಅಜ್ಜಿಯ ಪ್ರಶ್ನೆ: "ಇದನ್ನ ಹಾಕೋದು ಹೇಗೆ?" ಆನ್ ಆದ ಕೂಡಲೇ ಕೊನೆಯ ಸ್ಟೇಷನ್ ತಾನೇ ಹಾಡುವ ಆಯ್ಕೆ ಆ ಸಾಫ್ಟ್‌ವೇರ್‌ನಲ್ಲಿದೆ. ಆಕಾಶವಾಣಿಯ ಸ್ಟ್ರೀಮ್ ಸೇರಿಸಿ, ಪೈ ಮತ್ತು ಆಂಪ್ಲಿಫೈಯರ್ ಎರಡನ್ನೂ ಒಂದೇ ಸ್ವಿಚ್ಚಿಗೆ ಕಟ್ಟಿದೆವು. ಸ್ವಿಚ್ ಒತ್ತಿದರೆ ಸ್ವಲ್ಪ ಹೊತ್ತಿಗೆ ರೇಡಿಯೋ. ಹೀಗೆ ದಿಢೀರ್ ಆಫ್ ಮಾಡುವುದು ಎಸ್‌ಡಿ ಕಾರ್ಡಿಗೆ ಒಳ್ಳೆಯದಲ್ಲ ಅಂತ ಗೊತ್ತು. ಆದರೆ ಅಜ್ಜಿಗೆ ಶಟ್‌ಡೌನ್ ಕಲಿಸಿದರೂ ಮಲೆನಾಡಿನ ಮಳೆಗಾಲದ ಕರೆಂಟಿಗೆ ಯಾರು ಕಲಿಸಬೇಕು? ಅದಕ್ಕೇ ಕಾರ್ಡಿನ ಇನ್ನೊಂದು ನಕಲು ಮಾಡಿ, ಪುಟ್ಟ ಕವರಿನಲ್ಲಿ ಹಾಕಿ ಆಂಪ್ಲಿಫೈಯರ್ ಬೆನ್ನಿಗೆ ಅಂಟಿಸಿ ಬಂದಿದ್ದೇವೆ.