ಇಳಿತದ ನೆಲ ಮತ್ತು ಹುದುಲು ಮರಳು

ಶಿರಸಿ, ಸಿದ್ದಾಪುರ, ಯಲ್ಲಾಪುರ ಈ ಮೂರು ತಾಲೂಕುಗಳು ಘಟ್ಟದ ಮೇಲಿನವು. ಇವುಗಳಿಗೆ ಸಮುದ್ರತೀರವಿಲ್ಲ. ಆದರೂ ಇಲ್ಲಿಯ ಬೆಟ್ಟ, ತೋಟ, ಗದ್ದೆಗಳ ಮಣ್ಣು ಪ್ರತಿ ಮಳೆಗಾಲದಲ್ಲಿಯೂ ತಪ್ಪದೆ ಸಮುದ್ರವನ್ನು ಮುಟ್ಟುತ್ತದೆ. ಶಿರಸಿಯ ಶಂಕರಹೊಂಡದಲ್ಲಿ ಹುಟ್ಟಿದ ತೊರೆಯೂ ಮಂಜುಗುಣಿಯ ಕಡೆಯಿಂದ ಬರುವ ಹೊಳೆಯೂ ಕೂಡಿ ಅಘನಾಶಿನಿಯಾಗಿ, ಸಿದ್ದಾಪುರ ತಾಲೂಕಿನ ಉಂಚಳ್ಳಿಯಲ್ಲಿ 116 ಮೀಟರು ಆಳಕ್ಕೆ ಧುಮುಕಿ, ಕುಮಟಾ ತಾಲೂಕಿನ ತದಡಿಯ ಬಳಿ ಕಡಲನ್ನು ಸೇರುತ್ತವೆ. ಯಲ್ಲಾಪುರ ತಾಲೂಕಿನ ಮಾಗೋಡಿನಲ್ಲಿ ಧುಮುಕುವ ಬೇಡ್ತಿಯು ಘಟ್ಟದ ಕೆಳಗೆ ಗಂಗಾವಳಿಯೆಂಬ ಹೆಸರನ್ನು ಪಡೆದು ಅಂಕೋಲಾ ಸೀಮೆಯಲ್ಲಿ ಸಮುದ್ರಗಾಮಿಯಾಗುವುದು. ಸೋಂದೆಯ ಸಮೀಪದಲ್ಲಿ ಸಹಸ್ರಲಿಂಗಗಳನ್ನು ತೊಳೆಯುತ್ತ ಹರಿಯುವ ಶಾಲ್ಮಲೆಯೂ ಇದನ್ನೇ ಕೂಡುವಳು. ಹೀಗಾಗಿ ಅಳಿವೆಯ ನೆಲವೆಂಬುದು ಘಟ್ಟದ ಮೇಲಿನವರಿಗೆ ಪರದೇಶವಲ್ಲ. ಅದು ಅವರದೇ ಮಣ್ಣಿನ ಇನ್ನೊಂದು ಅವಸ್ಥೆ.

ಈ ಅವಸ್ಥಾಂತರ ಹೇಗೆ ಆಗುತ್ತದೆಂಬುದನ್ನು ಅರಿಯುವುದು ಅವಶ್ಯ. ಹೊಳೆಯು ಧುಮುಕುವಲ್ಲಿ ಬಂಡೆಯನ್ನೂ, ತಿರುವುಗಳಲ್ಲಿ ಗುಂಡುಕಲ್ಲನ್ನೂ, ಬಯಲಿನಲ್ಲಿ ದಪ್ಪ ಮರಳನ್ನೂ ಬಿಟ್ಟು ಸಾಗುತ್ತದೆ. ಅತಿ ಸೂಕ್ಷ್ಮವಾದ ಜೇಡಿಯ ಕಣಗಳು ಮಾತ್ರ ಸಿಹಿನೀರಿನಲ್ಲಿ ತೇಲುತ್ತಲೇ ಅಳಿವೆಯವರೆಗೆ ಬರುತ್ತವೆ. ಅಲ್ಲಿ ಉಪ್ಪುನೀರಿನ ಸಂಪರ್ಕವಾದೊಡನೆ ಅವು ಒಂದಕ್ಕೊಂದು ಅಂಟಿಕೊಂಡು ಭಾರವಾಗಿ ತಳಕ್ಕಿಳಿಯುತ್ತವೆ. ಸಣ್ಣ ಮರಳು, ಜೇಡಿ, ಉಪ್ಪುನೀರು ಈ ಮೂರೂ ಕೂಡಿದ ಸಡಿಲವಾದ ನೆಲ ಹೀಗೆ ಸಿದ್ಧವಾಗುತ್ತದೆ. ನೋಡುವವರ ಕಣ್ಣಿಗೆ ಅದು ಗಟ್ಟಿ. ಕಾಲಿಟ್ಟಾಗ ಅದರ ನಿಜಸ್ವರೂಪ ತಿಳಿಯುವುದು.

ಅಘನಾಶಿನಿಯ ಅಳಿವೆಯಲ್ಲಿ ಇಂಥ ನೆಲ ವಿಸ್ತಾರವಾಗಿದೆ. ಈ ನದಿಗೆ ದೊಡ್ಡ ಅಣೆಕಟ್ಟು ಇಲ್ಲದಿರುವುದರಿಂದ ಮೇಲಿನ ಮಣ್ಣು ನಿರಾತಂಕವಾಗಿ ಕೆಳಗೆ ಬರುತ್ತದೆ. ಉಪ್ಪುನೀರನ್ನು ಸಹಿಸಿ ಬೆಳೆಯುವ ಕಗ್ಗ ಭತ್ತದ ಗಜನಿ ಭೂಮಿ, ಸಾಣಿಕಟ್ಟೆಯ ಉಪ್ಪಿನ ಆಗರಗಳು, ಕಾಂಡ್ಲಾ ಗಿಡಗಳ ಗುಂಪು, ಅವುಗಳ ನಡುವೆ ದಿನಕ್ಕೆರಡು ಸಲ ಮುಳುಗಿ ಏಳುವ ಕೆಸರಿನ ಹಾಗೂ ಮರಳಿನ ಹಾಸು, ಇವೆಲ್ಲವೂ ಸೇರಿದ ಈ ಪ್ರದೇಶವನ್ನು 2024ರ ಜನವರಿಯಲ್ಲಿ ರಾಮ್‌ಸಾರ್ ಒಪ್ಪಂದದ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ ಸೇರಿಸಲಾಯಿತು. ಆದರೆ ಪಟ್ಟಿಗೆ ಸೇರುವ ಎಷ್ಟೋ ಕಾಲದ ಮೊದಲಿನಿಂದಲೂ ಈ ಹಾಸಿನ ಮೇಲೆ ನಡೆದು ಬದುಕಿದವರು ಬಳಚು ಹೆಕ್ಕುವ ಜನ. ನೀರು ಇಳಿಯುತ್ತಿರುವಾಗ ಬುಟ್ಟಿ ಹಿಡಿದು ಹೊರಟು, ಹಿಂಬರುವ ನೀರು ಕಾಲನ್ನು ಮುಟ್ಟುವ ಮೊದಲೇ ಮರಳುವುದು ಅವರ ನಿತ್ಯದ ಕ್ರಮ. ಇವರಲ್ಲಿ ಹೆಂಗಸರೇ ಬಹಳ. ಅವರಿಗೆ ಗಡಿಯಾರಕ್ಕಿಂತ ತಿಥಿ ಮುಖ್ಯ.

ತಿಥಿಯ ಲೆಕ್ಕದಲ್ಲಿ ಶಾಸ್ತ್ರವಿದೆ. ಒಂದು ಉಬ್ಬರದಿಂದ ಮುಂದಿನ ಉಬ್ಬರಕ್ಕೆ ಸುಮಾರು 12 ಗಂಟೆ 25 ನಿಮಿಷ. ಆದುದರಿಂದ ಪ್ರತಿದಿನದ ಉಬ್ಬರವು ಹಿಂದಿನ ದಿನಕ್ಕಿಂತ ಹೆಚ್ಚುಕಡಿಮೆ 50 ನಿಮಿಷ ತಡವಾಗಿ ಬರುತ್ತದೆ. ಅಮಾವಾಸ್ಯೆ ಮತ್ತು ಹುಣ್ಣಿಮೆಗಳ ಆಸುಪಾಸಿನಲ್ಲಿ ಸೂರ್ಯ-ಚಂದ್ರರ ಸೆಳೆತ ಒಂದುಗೂಡಿ ನೀರು ಹೆಚ್ಚು ಏರುತ್ತದೆ, ಹೆಚ್ಚು ಇಳಿಯುತ್ತದೆ. ಅಷ್ಟಮಿಯ ಆಸುಪಾಸಿನಲ್ಲಿ ಈ ಅಂತರ ಕಡಿಮೆ. ಹೆಚ್ಚು ನೆಲ ತೆರೆದುಕೊಳ್ಳುವ ದಿನವೇ ನೀರು ಹೆಚ್ಚು ರಭಸದಿಂದ ಹಿಂದಿರುಗುವ ದಿನವೂ ಹೌದೆಂಬುದನ್ನು ಪ್ರವಾಸಿಗಳು ಮರೆಯುವರು. ಏರಿಕೆಯ ವೇಗವೂ ಒಂದೇ ಸಮನಾಗಿರುವುದಿಲ್ಲ. ನಾವಿಕರಲ್ಲಿ ಹನ್ನೆರಡನೆಯ ಪಾಲಿನ ಲೆಕ್ಕವೆಂಬುದೊಂದು ಇದೆ: ಆರು ಗಂಟೆಗಳ ಏರಿಕೆಯನ್ನು ಹನ್ನೆರಡು ಪಾಲು ಮಾಡಿದರೆ ಮೊದಲ ಗಂಟೆಯಲ್ಲಿ ಒಂದು ಪಾಲು, ಎರಡನೆಯದರಲ್ಲಿ ಎರಡು, ಮೂರು ಮತ್ತು ನಾಲ್ಕನೆಯದರಲ್ಲಿ ಮೂರು ಮೂರು, ಬಳಿಕ ಎರಡು, ಕೊನೆಗೆ ಒಂದು. ಅಂದರೆ ನಡುವಿನ ಎರಡೇ ಗಂಟೆಗಳಲ್ಲಿ ಅರ್ಧದಷ್ಟು ನೀರು ಬಂದುಬಿಡುತ್ತದೆ. ಮೊದಲ ಗಂಟೆಯ ಮಂದಗತಿಯನ್ನು ಕಂಡು ಇನ್ನೂ ಹೊತ್ತಿದೆಯೆಂದು ನಿಂತವನು ಮೋಸಹೋಗುವುದು ಇಲ್ಲಿಯೇ. ಅಳಿವೆಯ ಆಕಾರ, ಹೊಳೆಯ ನೀರಿನ ಪ್ರಮಾಣ, ಗಾಳಿ ಇವುಗಳಿಂದ ಈ ಲೆಕ್ಕದಲ್ಲಿ ವ್ಯತ್ಯಾಸವಾಗುವುದುಂಟು. ನಮ್ಮ ಕರಾವಳಿಯಲ್ಲಿ ದಿನದ ಎರಡು ಉಬ್ಬರಗಳ ಎತ್ತರವೂ ಸಮನಾಗಿರುವುದಿಲ್ಲ. ಆದ್ದರಿಂದಲೇ ಪುಸ್ತಕದ ಲೆಕ್ಕದ ಜೊತೆಗೆ ಸ್ಥಳವನ್ನು ಬಲ್ಲವರ ಮಾತೂ ಬೇಕಾಗುತ್ತದೆ.

ಇನ್ನು ಹುದುಲಿನ ವಿಚಾರ. ಮಲೆನಾಡಿನ ಕೃಷಿಕನಿಗೆ ಈ ಶಬ್ದ ಹೊಸದಲ್ಲ. ಒರತೆಯ ನೀರು ಕೆಳಗಿನಿಂದ ಒತ್ತುತ್ತಿರುವ ಗದ್ದೆಯಲ್ಲಿ ಎತ್ತು ಹೊಟ್ಟೆಯವರೆಗೆ ಹೂತುಹೋಗುವುದನ್ನು ಹಿಂದಿನವರು ಕಂಡಿದ್ದಾರೆ. ಸಿದ್ದಾಪುರ ತಾಲೂಕಿನ ಕತ್ತಲೆಕಾನಿನ ರಾಮಪತ್ರೆ ಜಡ್ಡಿಗಳಲ್ಲಿ ಮರಗಳೇ ಇಂಥ ನೆಲಕ್ಕೆ ಹೊಂದಿಕೊಂಡು, ಮೊಣಕಾಲಿನಂತೆ ಬಾಗಿದ ಬೇರುಗಳನ್ನೂ ಊರುಗೋಲಿನಂತಹ ಬೇರುಗಳನ್ನೂ ಕೆಸರಿನ ಮೇಲೆ ಎತ್ತಿ ನಿಂತಿವೆ. ಗಾಳಿಯಾಡದ ಮಣ್ಣಿನಲ್ಲಿ ಉಸಿರಾಡಲು ಅಳಿವೆಯ ಕಾಂಡ್ಲಾ ಗಿಡಗಳು ಮಾಡಿಕೊಂಡಿರುವ ಉಪಾಯವೂ ಇದೇ ಬಗೆಯದು.

ಗಟ್ಟಿಯಾದ ಒದ್ದೆ ಮರಳಿನಲ್ಲಿ ಕಣಕ್ಕೆ ಕಣ ತಾಗಿರುತ್ತದೆ. ಭಾರವನ್ನು ಹೊರುವುದು ನೀರಲ್ಲ, ಕಣಗಳ ಪರಸ್ಪರ ಘರ್ಷಣೆ. ಕಡಲಂಚಿನಲ್ಲಿ ನಡೆಯುವಾಗ ಪಾದದ ಸುತ್ತ ಮರಳು ಕ್ಷಣಕಾಲ ಬೆಳ್ಳಗೆ ಒಣಗಿದಂತೆ ಕಾಣುವುದನ್ನು ಮಕ್ಕಳೂ ಗಮನಿಸಿರುತ್ತಾರೆ. ಒತ್ತಿದಾಗ ಕಣಗಳು ಪರಸ್ಪರ ಸರಿದು ನಡುವಿನ ಸಂದು ಹಿಗ್ಗುವುದರಿಂದ ಮೇಲಿನ ನೀರು ಒಳಗೆ ಹೀರಲ್ಪಡುತ್ತದೆ. ಆಸ್ಬೋರ್ನ್ ರೆನಾಲ್ಡ್ಸ್ ಎಂಬ ವಿಜ್ಞಾನಿ 1885ರಲ್ಲಿ ಇದನ್ನು ವಿವರಿಸಿದನು. ಪಾದದ ಸುತ್ತ ಬಿಳುಪು ಮೂಡುವ ನೆಲ ನಂಬತಕ್ಕದ್ದು. ಹುದುಲು ಮರಳಿನ ಗುಣ ಇದಕ್ಕೆ ವಿರುದ್ಧ. ಅಲ್ಲಿ ಕಣಗಳು ಇಸ್ಪೀಟೆಲೆಯ ಮನೆಯಂತೆ ಸಡಿಲವಾಗಿ ನಿಂತಿರುತ್ತವೆ, ಜೇಡಿಯ ತೆಳುವಾದ ಬೆಸುಗೆ ಅವುಗಳನ್ನು ಹಿಡಿದಿರುತ್ತದೆ. ಭಾರ ಬಿದ್ದೊಡನೆ ಅಥವಾ ಅಲುಗಿದೊಡನೆ ಬೆಸುಗೆ ಕಳಚಿ ನೆಲವೇ ದ್ರವವಾಗುವುದು. ಕಾಲಿನ ಬಳಿ ಒದ್ದೆ ಹೊಳಪು ಮೂಡಿ ನೆಲ ಅಂಬಲಿಯಂತೆ ನಡುಗಿದರೆ ಅದೇ ಎಚ್ಚರಿಕೆಯ ಚಿಹ್ನೆ.

ಸಿನಿಮಾಗಳಲ್ಲಿ ತೋರಿಸುವಂತೆ ಮನುಷ್ಯ ತಲೆಯವರೆಗೂ ಮುಳುಗಿ ಮಾಯವಾಗುವನೆಂಬುದು ಕಲ್ಪನೆ. ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯದ ಡೇನಿಯಲ್ ಬಾನ್ ಮತ್ತು ಸಂಗಡಿಗರು ಇರಾನಿನ ಉಪ್ಪು ಸರೋವರವೊಂದರ ಹುದುಲು ಮರಳನ್ನು ಪರೀಕ್ಷಿಸಿ 2005ರಲ್ಲಿ ಇದನ್ನು ಸಿದ್ಧಪಡಿಸಿದರು. ಹುದುಲಿನ ಸಾಂದ್ರತೆ ನೀರಿನ ಸುಮಾರು ಎರಡು ಪಟ್ಟು. ಮನುಷ್ಯಶರೀರದ್ದು ಹೆಚ್ಚುಕಡಿಮೆ ನೀರಿನಷ್ಟೇ. ಆದ್ದರಿಂದ ದೇಹದ ಅರ್ಧಭಾಗ, ಅಂದರೆ ಸೊಂಟದವರೆಗೆ, ಮುಳುಗಿದ ಬಳಿಕ ಅದು ತೇಲಲೇಬೇಕು. ತೊಂದರೆ ಇರುವುದು ಮುಳುಗುವುದರಲ್ಲಲ್ಲ, ಹೊರಬರುವುದರಲ್ಲಿ. ದ್ರವವಾದ ಹುದುಲಿನಲ್ಲಿ ಮರಳು ಬೇರ್ಪಟ್ಟು ಕೆಳಗಿಳಿದು ಕಾಲಿನ ಸುತ್ತ ದಟ್ಟವಾಗಿ ಕೂರುತ್ತದೆ. ಹೀಗೆ ಹೂತ ಪಾದವನ್ನು ಸೆಕೆಂಡಿಗೆ ಒಂದು ಸೆಂಟಿಮೀಟರಿನಂತೆ ಮೇಲೆಳೆಯಲು ಸುಮಾರು 10,000 ನ್ಯೂಟನ್ ಬಲ ಬೇಕೆಂದು ಅವರ ಅಂದಾಜು. ಅದು ಮಧ್ಯಮ ಗಾತ್ರದ ಕಾರೊಂದನ್ನು ಎತ್ತುವಷ್ಟು ಬಲ. ರಥದ ಗಾಲಿಗೆ ಹೆಗಲು ಕೊಟ್ಟ ಕರ್ಣನ ಪ್ರಯತ್ನ ಏಕೆ ಫಲಿಸಲಿಲ್ಲವೆಂಬುದಕ್ಕೆ ಶಾಪದ ಜೊತೆಗೆ ಇದನ್ನೂ ಒಂದು ಕಾರಣವಾಗಿ ವಿಜ್ಞಾನದ ಅಧ್ಯಾಪಕರು ಹೇಳಬಹುದು.

ಬಿಡುಗಡೆಯ ಉಪಾಯ ಇದರಿಂದಲೇ ಹೊರಡುತ್ತದೆ. ಸಿಲುಕಿದವನು ಮೊದಲು ಹೆಗಲ ಚೀಲವೇ ಮೊದಲಾದ ಹೊರೆಯನ್ನು ಬಿಸುಟು, ಕೂಗಿ ಸಹಾಯ ಕೇಳಬೇಕು. ಕಾಲನ್ನು ರಭಸದಿಂದ ಕೀಳಬಾರದು. ಒಂದನ್ನು ಕೀಳುವ ಯತ್ನದಲ್ಲಿ ಇಡೀ ಭಾರ ಇನ್ನೊಂದರ ಮೇಲೆ ಬಿದ್ದು ಅದು ಇನ್ನಷ್ಟು ಆಳಕ್ಕಿಳಿಯುವುದು. ಮೆಲ್ಲನೆ ಹಿಂದಕ್ಕೆ ಒರಗಿ, ತೋಳುಗಳನ್ನು ಚಾಚಿ, ಬೆನ್ನ ಮೇಲೆ ಮಲಗಬೇಕು. ಇಲ್ಲಿಯ ಲೆಕ್ಕ ಸರಳವಾದುದು. 60 ಕಿಲೋಗ್ರಾಂ ತೂಕದವನ ಎರಡು ಪಾದಗಳ ವಿಸ್ತೀರ್ಣ 300 ಚದರ ಸೆಂಟಿಮೀಟರೆಂದು ಹಿಡಿದರೆ ನಿಂತಾಗ ಪ್ರತಿ ಚದರ ಸೆಂಟಿಮೀಟರಿಗೆ 200 ಗ್ರಾಂ ಭಾರ ಬೀಳುತ್ತದೆ. ಮಲಗಿದಾಗ 5,000 ಚದರ ಸೆಂಟಿಮೀಟರು ನೆಲವನ್ನು ಮುಟ್ಟಿದರೆ ಅದು 12 ಗ್ರಾಮಿಗೆ ಇಳಿಯುತ್ತದೆ. ಬಳಿಕ ಒಂದೊಂದೇ ಕಾಲನ್ನು ಸಣ್ಣ ಸಣ್ಣ ಅಲುಗಾಟದಿಂದ ಆಡಿಸುತ್ತ ಹೋಗಬೇಕು. ಆಗ ಕಾಲಿನ ಸುತ್ತ ನೀರು ಇಳಿದು ದಟ್ಟವಾದ ಮರಳು ಸಡಿಲವಾಗುವುದು. ಇದಕ್ಕೆ ಹೊತ್ತು ಹಿಡಿಯುತ್ತದೆ, ತಾಳ್ಮೆಯೂ ಬೇಕು. ಎರಡೂ ಕಾಲು ಬಿಡಿಸಿಕೊಂಡ ಮೇಲೆ ಏಳದೆ, ಬಂದ ದಾರಿಯ ಕಡೆಗೇ ಉರುಳಬೇಕು ಅಥವಾ ತೆವಳಬೇಕು. ಏಕೆಂದರೆ ಬಂದ ದಾರಿಯ ನೆಲವು ತನ್ನನ್ನು ಹೊತ್ತಿತ್ತೆಂಬುದು ಅವನಿಗೆ ಗೊತ್ತಿದೆ, ಮುಂದಿನದು ಗೊತ್ತಿಲ್ಲ.

ಸಹಾಯಕ್ಕೆ ಹೋದವರು ಬಳಿಗೆ ಓಡಿಬಂದು ನಿಂತರೆ ಸಿಲುಕಿದವರ ಸಂಖ್ಯೆ ಎರಡಾಗುವುದಷ್ಟೆ. ಹಲಗೆ, ಏಣಿ, ಮಲೆನಾಡಾದರೆ ಅಡಿಕೆಯ ದಬ್ಬೆ, ಯಾವುದು ಸಿಕ್ಕರೆ ಅದನ್ನು ಹಾಸಿ ಅದರ ಮೇಲೆ ಬೋರಲಾಗಿ ಮಲಗಿ ಸಮೀಪಿಸಬೇಕು. ಹಗ್ಗವನ್ನು ಕೊಡುವುದು ಆಧಾರಕ್ಕಾಗಿ. ಹತ್ತು ಜನ ಸೇರಿ ಜಗ್ಗುವುದಕ್ಕಲ್ಲ. ಹೂತ ಕಾಲನ್ನು ಬಲದಿಂದ ಜಗ್ಗಿದರೆ ಕೀಲು ತಪ್ಪುವ ಭಯವಿದೆ.

ಹುದುಲು ತಾನಾಗಿ ಕೊಲ್ಲುವುದಿಲ್ಲವೆಂದ ಮಾತ್ರಕ್ಕೆ ನಿರ್ಲಕ್ಷಿಸಲಾಗದು. ಅದು ಹಿಡಿದಿಡುತ್ತದೆ, ಕೊಲ್ಲುವುದು ಹಿಂಬರುವ ನೀರು. ಇಂಗ್ಲೆಂಡಿನ ವಾಯವ್ಯ ತೀರದ ಮೋರ್ಕಮ್ ಕೊಲ್ಲಿಯ ಇತಿಹಾಸ ಇದಕ್ಕೆ ನಿದರ್ಶನ. ಅಲ್ಲಿ ಇಳಿತದಲ್ಲಿ ಸುಮಾರು 310 ಚದರ ಕಿಲೋಮೀಟರು ನೆಲ ತೆರೆದುಕೊಳ್ಳುತ್ತದೆ, ಉಬ್ಬರ-ಇಳಿತಗಳ ಅಂತರ ಹತ್ತು ಮೀಟರನ್ನು ಮುಟ್ಟುತ್ತದೆ. 1857ರಲ್ಲಿ ರೈಲುಮಾರ್ಗ ಆಗುವವರೆಗೂ ಜನರೂ ಕುದುರೆಗಾಡಿಗಳೂ ಆ ಮರಳಿನ ಮೇಲೆಯೇ ಕೊಲ್ಲಿಯನ್ನು ದಾಟುತ್ತಿದ್ದರು. ದಾರಿಗರಿಗೆ ಮಾರ್ಗದರ್ಶಿಗಳನ್ನು ಒದಗಿಸುತ್ತಿದ್ದುದು ಮೊದಲಲ್ಲಿ ಅಲ್ಲಿಯ ಕ್ರೈಸ್ತ ಮಠಗಳು. ಅರಸನು ಮಠಗಳನ್ನು ಮುಚ್ಚಿಸಿದ ಬಳಿಕ ಆ ಹೊಣೆ ರಾಜಸತ್ತೆಗೆ ಬಂದು, 1548ರಿಂದ ಅಧಿಕೃತ ಮಾರ್ಗದರ್ಶಿಯ ನೇಮಕವಾಗುತ್ತ ಬಂದಿದೆ. ಮಠದ ಆಶ್ರಯದಲ್ಲಿ ಓದಿದವರು ಮೆಚ್ಚಬೇಕಾದ ಸಂಗತಿಯಿದು: ಮಠಗಳು ಹೋದರೂ ಅವು ಹೊತ್ತಿದ್ದ ಕರ್ತವ್ಯವನ್ನು ಬಿಡಲು ರಾಜ್ಯಕ್ಕೆ ಸಾಧ್ಯವಾಗಲಿಲ್ಲ. ಮೀನುಗಾರ ಮನೆತನದ ಸೆಡ್ರಿಕ್ ರಾಬಿನ್ಸನ್ 1963ರಿಂದ 2019ರವರೆಗೆ, 56 ವರ್ಷ, ಈ ಹುದ್ದೆಯಲ್ಲಿದ್ದರು. ಸಂಬಳ ವರ್ಷಕ್ಕೆ 15 ಪೌಂಡು, ವಾಸಕ್ಕೊಂದು ಮನೆ. ಪ್ರತಿ ನಡಿಗೆಗೂ ಮೊದಲು ತಾವೇ ಹೋಗಿ, ಕೋಲಿನಿಂದ ನೆಲವನ್ನು ಪರೀಕ್ಷಿಸಿ, ಲಾರೆಲ್ ಗಿಡದ ಟೊಂಗೆಗಳನ್ನು ನೆಟ್ಟು ದಾರಿ ಗುರುತಿಸುತ್ತಿದ್ದರು. ನಿನ್ನೆಯ ದಾರಿ ಇಂದಿಗೆ ಇರುವುದೆಂಬ ಭರವಸೆ ಅಲ್ಲಿ ಇಲ್ಲ.

ಅದೇ ಕೊಲ್ಲಿಯಲ್ಲಿ 2004ರ ಫೆಬ್ರುವರಿ 5ರ ರಾತ್ರಿ, ಚಿಪ್ಪುಜೀವಿಗಳನ್ನು ಹೆಕ್ಕಲು ಕರೆತಂದಿದ್ದ ಚೀನೀ ಕೂಲಿಕಾರರಲ್ಲಿ ಕನಿಷ್ಠ 21 ಮಂದಿ ಉಬ್ಬರಕ್ಕೆ ಸಿಕ್ಕಿ ಸತ್ತರು. ತದಡಿಯ ಹೆಂಗಸರು ಮಾಡುವ ಕೆಲಸವೇ ಅವರದೂ. ಆದರೆ ಆ ನೆಲ ಅವರದಲ್ಲ, ಅಲ್ಲಿಯ ಭಾಷೆ ಅವರದಲ್ಲ, ನೀರಿನ ಹೊತ್ತನ್ನು ಹೇಳುವವರು ಸಂಗಡ ಇರಲಿಲ್ಲ. ದುಡಿಸಿಕೊಳ್ಳುವ ಗುತ್ತಿಗೆದಾರರಿಗೆ ಪರವಾನಗಿಯನ್ನು ಕಡ್ಡಾಯ ಮಾಡುವ ಕಾನೂನು ಆ ವರ್ಷವೇ ಆಯಿತು.

ನಮ್ಮ ಕರಾವಳಿಯಲ್ಲಿ ಉಬ್ಬರ-ಇಳಿತಗಳ ಅಂತರ ಸುಮಾರು ಎರಡು ಮೀಟರು ಮಾತ್ರ. ಮೋರ್ಕಮ್ಮಿನ ಭೀಕರತೆ ಇಲ್ಲಿಲ್ಲ. ಆದರೆ ಇಲ್ಲಿ ಬೇರೆ ಅಪಾಯವಿದೆ. ತೆರೆದ ಕಡಲಂಚಿನಲ್ಲಿ ಅಲೆಗಳು ಹಿಂದಿರುಗುವಾಗಿನ ಸೆಳೆತ ಹುದುಲಿಗಿಂತ ಹೆಚ್ಚು ಜೀವಗಳನ್ನು ಬಲಿ ತೆಗೆದುಕೊಂಡಿದೆ. 2024ರ ಡಿಸೆಂಬರ್ 10ರಂದು ಕೋಲಾರ ಜಿಲ್ಲೆಯ ವಸತಿ ಶಾಲೆಯೊಂದರಿಂದ ಪ್ರವಾಸಕ್ಕೆ ಬಂದ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದಲ್ಲಿ ನೀರುಪಾಲಾದರು. ಇಂಥ ಸುದ್ದಿ ಬಂದಾಗಲೆಲ್ಲ ಸಮುದ್ರಪ್ರವಾಸವನ್ನೇ ನಿಲ್ಲಿಸಬೇಕೆಂಬ ಮಾತು ಕೇಳಿಬರುತ್ತದೆ. ಅದು ಸರಿಯಾದ ಪರಿಹಾರವಲ್ಲ. ಘಟ್ಟದ ಮೇಲಿನ ಮಗುವಿಗೆ ತನ್ನೂರಿನ ಹೊಳೆ ಎಲ್ಲಿ ಮುಗಿಯುತ್ತದೆಂಬುದನ್ನು ತೋರಿಸದ ಭೂಗೋಳಪಾಠ ಅರ್ಧ ಪಾಠ. ಆಗಬೇಕಾದುದು ಇಷ್ಟು: ಪ್ರವಾಸದ ದಿನವನ್ನು ಬಸ್ಸಿನ ಅನುಕೂಲ ನೋಡಿ ಅಲ್ಲ, ಇಳಿತದ ಹೊತ್ತನ್ನು ನೋಡಿ ಗೊತ್ತುಮಾಡುವುದು, ನೀರು ಇನ್ನೂ ಇಳಿಯುತ್ತಿರುವಾಗಲೇ ನೆಲಕ್ಕೆ ಇಳಿದು, ಅದು ತಿರುಗುವ ಮೊದಲೇ ದಡಕ್ಕೆ ಬರುವುದು, ಮಳೆಗಾಲದಲ್ಲಿ ಹೋಗದಿರುವುದು, ಮುಖ್ಯವಾಗಿ, ಬಳಚು ಹೆಕ್ಕುವವರನ್ನೋ ಅಲ್ಲಿಯ ಮೀನುಗಾರರನ್ನೋ ಮಾರ್ಗದರ್ಶಿಗಳಾಗಿ ಕರೆದುಕೊಂಡು ಅವರಿಗೆ ಒಂದು ದಿನದ ದುಡಿಮೆಯ ಹಣವನ್ನು ಗೌರವದಿಂದ ಸಲ್ಲಿಸುವುದು. ಈ ವೆಚ್ಚವನ್ನು ಪ್ರವಾಸದ ಅಂದಾಜುಪಟ್ಟಿಯಲ್ಲಿ ಊಟದ ವೆಚ್ಚದಂತೆಯೇ ಕಾಣಿಸಬೇಕು. ದಾನಿಗಳ ನೆರವು ಕಟ್ಟಡಕ್ಕೆ ದೊರೆಯುವಷ್ಟು ಸುಲಭವಾಗಿ ಇಂಥದಕ್ಕೆ ದೊರೆಯುವುದಿಲ್ಲ, ಏಕೆಂದರೆ ಇದರ ಮೇಲೆ ಹೆಸರು ಕೆತ್ತಿಸಲು ಕಲ್ಲಿಲ್ಲ.

ಹೊರಡುವ ಹಿಂದಿನ ವಾರ ತರಗತಿಯಲ್ಲಿ ಮಾಡಬಹುದಾದ ಒಂದು ಪ್ರಯೋಗವಿದೆ. ತಳದಲ್ಲಿ ತೂತಿರುವ ಬಕೆಟ್ಟಿಗೆ ರಬ್ಬರು ನಳಿಗೆ ಜೋಡಿಸಿ, ತೂತಿನ ಮೇಲೆ ಬಟ್ಟೆಯ ಚೂರನ್ನು ಹಾಸಿ, ಸಣ್ಣ ಮರಳನ್ನು ಮುಕ್ಕಾಲು ಭಾಗ ತುಂಬಬೇಕು. ಮರಳನ್ನು ನೆನೆಸಿ ಮೇಲೊಂದು ಕಲ್ಲನ್ನಿಟ್ಟರೆ ಅದು ನಿಲ್ಲುತ್ತದೆ. ನಳಿಗೆಯ ಮೂಲಕ ಕೆಳಗಿನಿಂದ ನೀರನ್ನು ಮೆಲ್ಲನೆ ಬಿಟ್ಟೊಡನೆ ಕಲ್ಲು ಇಳಿಯತೊಡಗುವುದು. ಬದಿಯಲ್ಲಿ ಮೊದಲೇ ಹೂತಿಟ್ಟ ಮರದ ತುಂಡು ಮೇಲೆ ಬರುವುದು. ನೀರನ್ನು ನಿಲ್ಲಿಸಿದರೆ ಮರಳು ಮತ್ತೆ ಗಟ್ಟಿ. ಆಗ ಒಬ್ಬ ವಿದ್ಯಾರ್ಥಿಗೆ ಕಲ್ಲನ್ನು ಒಂದೇ ಏಟಿಗೆ ಕೀಳಲು ಹೇಳಬೇಕು. ಇನ್ನೊಬ್ಬನಿಗೆ ಅದನ್ನು ಅಲುಗಿಸುತ್ತ, ಸ್ವಲ್ಪ ಸ್ವಲ್ಪ ನೀರು ಬಿಡುತ್ತ ತೆಗೆಯಲು ಹೇಳಬೇಕು. ಉಳಿದವರು ಸುತ್ತಲೂ ನಿಂತು ಎರಡಕ್ಕೂ ಹಿಡಿದ ಹೊತ್ತನ್ನು ಬರೆದುಕೊಳ್ಳಲಿ.