ಮನೋವ್ಯಾಧಿಗೆ ಕಾಂತಚಿಕಿತ್ಸೆ

ನಮ್ಮ ಪ್ರೌಢಶಾಲೆಯ ವಿಜ್ಞಾನ ಪಾಠಗಳಲ್ಲಿ ತೀರ ಸರಳವಾದ ಒಂದು ಪ್ರಯೋಗವುಂಟು. ತಾಮ್ರದ ತಂತಿಯನ್ನು ಸುರುಳಿಯಾಗಿ ಸುತ್ತಿ, ಅದರ ಎರಡು ತುದಿಗಳನ್ನೂ ಗ್ಯಾಲ್ವನೋಮೀಟರಿಗೆ ಜೋಡಿಸಬೇಕು. ದಂಡಕಾಂತವೊಂದನ್ನು ಸುರುಳಿಯ ಒಳಕ್ಕೆ ನೂಕಿದೊಡನೆ ಮುಳ್ಳು ಒಂದು ಕಡೆಗೆ ಓಲುತ್ತದೆ. ಹೊರಕ್ಕೆ ಸೆಳೆದರೆ ಇನ್ನೊಂದು ಕಡೆಗೆ ಓಲುತ್ತದೆ. ಕಾಂತವನ್ನು ಒಳಗೇ ಅಲುಗಿಸದೆ ಬಿಟ್ಟರೆ ಮುಳ್ಳು ಸೊನ್ನೆಯ ಮೇಲೆ ನಿಲ್ಲುತ್ತದೆ. ಕಾಂತವಿದ್ದ ಮಾತ್ರಕ್ಕೆ ವಿದ್ಯುತ್ತು ಹುಟ್ಟುವುದಿಲ್ಲ. ಕಾಂತಕ್ಷೇತ್ರವು ಬದಲಾಗುತ್ತಿದ್ದರೆ ಮಾತ್ರ ಹುಟ್ಟುತ್ತದೆ. 1831ರಲ್ಲಿ ಈ ನಿಯಮವನ್ನು ಕಂಡುಹಿಡಿದವನು ಮೈಕೇಲ್ ಫ್ಯಾರಡೆ. ಆತನು ಕಮ್ಮಾರನ ಮಗನು; ಶಾಲೆಯಲ್ಲಿ ಕಲಿತದ್ದು ಅತ್ಯಲ್ಪ; ಪುಸ್ತಕಗಳಿಗೆ ರಟ್ಟು ಕಟ್ಟುವ ಅಂಗಡಿಯಲ್ಲಿ ದುಡಿಯುತ್ತ ಆ ಪುಸ್ತಕಗಳನ್ನೇ ಓದಿ ವಿಜ್ಞಾನಿಯಾದವನು. ವಿದ್ಯುತ್ತನ್ನು ಉತ್ಪಾದಿಸುವ ಯಂತ್ರಗಳು ಆತನು ಕಂಡ ಈ ನಿಯಮದಿಂದಲೇ ನಡೆಯುತ್ತಿವೆ. ಅದೇ ನಿಯಮವು ಇಂದು ಮನೋರೋಗಿಗಳ ಚಿಕಿತ್ಸೆಗೂ ಒದಗುತ್ತಿದೆ. ಅದು ಹೇಗೆಂಬುದನ್ನು ವಿದ್ಯಾರ್ಥಿಗಳಿಗೂ ಅವರ ತಾಯಿತಂದೆಗಳಿಗೂ ತಿಳಿಸುವುದೇ ಈ ಲೇಖನದ ಉದ್ದೇಶ.

ಮನುಷ್ಯನ ಮೆದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಇವು ಪರಸ್ಪರ ಸುದ್ದಿ ಮುಟ್ಟಿಸುವುದು ಸೂಕ್ಷ್ಮವಾದ ವಿದ್ಯುತ್ಸಂಕೇತಗಳಿಂದ ಮತ್ತು ರಾಸಾಯನಿಕ ದ್ರವ್ಯಗಳಿಂದ. ಕೈಯೆತ್ತುವುದು, ಮಾತನಾಡುವುದು, ನೆನೆಯುವುದು, ದುಃಖಿಸುವುದು, ಇವೆಲ್ಲವೂ ಈ ಸಂಕೇತಗಳ ವ್ಯಾಪಾರವೇ. ಆದುದರಿಂದ ಹೊರಗಿನಿಂದ ವಿದ್ಯುತ್ತನ್ನು ಹಾಯಿಸಿ ನರಕೋಶಗಳನ್ನು ಎಚ್ಚರಿಸಬಹುದೇ ಎಂಬ ಪ್ರಶ್ನೆ ವಿಜ್ಞಾನಿಗಳಲ್ಲಿ ಸಹಜವಾಗಿಯೇ ಹುಟ್ಟಿತು. 1980ರಲ್ಲಿ ಮೆರ್ಟನ್ ಮತ್ತು ಮಾರ್ಟನ್ ಎಂಬ ಆಂಗ್ಲ ವಿಜ್ಞಾನಿಗಳು ನೆತ್ತಿಯ ಚರ್ಮದ ಮೇಲಿಂದ ವಿದ್ಯುತ್ತನ್ನು ಕೊಟ್ಟು, ಕೈಯ ಸ್ನಾಯುಗಳು ಮಿಡಿಯುವಂತೆ ಮಾಡಿದರು. ಆದರೆ ತಲೆಬುರುಡೆಯ ಎಲುಬು ವಿದ್ಯುತ್ತಿಗೆ ಬಲವಾದ ತಡೆಯೊಡ್ಡುತ್ತದೆ. ಅದನ್ನು ದಾಟಿಸಬೇಕಾದರೆ ಹೆಚ್ಚಿನ ಆಘಾತ ಬೇಕು. ಅದರಿಂದ ಚರ್ಮಕ್ಕೆ ಬಹಳ ನೋವು.

ಕಾಂತಕ್ಷೇತ್ರಕ್ಕಾದರೋ ಎಲುಬು ಅಡ್ಡಿಯೇ ಅಲ್ಲ. 1985ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್ ನಗರದಲ್ಲಿ ಆಂಟನಿ ಬಾರ್ಕರ್ ಮತ್ತು ಅವರ ಸಂಗಡಿಗರು ತಂತಿಯ ಸುರುಳಿಯೊಂದನ್ನು ತಲೆಯ ಮೇಲೆ ಹಿಡಿದು, ಅದರಲ್ಲಿ ಒಂದು ಕ್ಷಣಮಾತ್ರ ಪ್ರಬಲವಾದ ವಿದ್ಯುತ್ತನ್ನು ಹರಿಸಿದರು. ಸುರುಳಿಯ ಸುತ್ತ ಕಾಂತಕ್ಷೇತ್ರವು ಥಟ್ಟನೆ ಏರಿ ಥಟ್ಟನೆ ಇಳಿಯಿತು. ಬದಲಾಗುವ ಕಾಂತಕ್ಷೇತ್ರವು ವಿದ್ಯುತ್ತನ್ನು ಹುಟ್ಟಿಸುತ್ತದೆಯಷ್ಟೆ? ಇಲ್ಲಿ ಅದು ಹುಟ್ಟಿದ್ದು ತಾಮ್ರದ ತಂತಿಯಲ್ಲಲ್ಲ, ಮೆದುಳಿನಲ್ಲಿಯೇ. ದೇಹದ ಮತ್ತೊಂದು ಪಾರ್ಶ್ವದ ಕೈ ತಾನಾಗಿಯೇ ಮಿಡಿಯಿತು; ನೋವೆಂಬುದು ಹೆಚ್ಚುಕಡಿಮೆ ಇರಲೇ ಇಲ್ಲ. ಈ ವಿಧಾನಕ್ಕೆ ಟ್ರಾನ್ಸ್‌ಕ್ರೇನಿಯಲ್ ಮ್ಯಾಗ್ನೆಟಿಕ್ ಸ್ಟಿಮ್ಯುಲೇಶನ್, ಸಂಕ್ಷೇಪವಾಗಿ ಟಿ.ಎಂ.ಎಸ್. ಎಂದು ಹೆಸರು. ಕಪಾಲದ ಮೂಲಕ ನಡೆಯುವ ಕಾಂತಪ್ರಚೋದನೆ ಎಂದು ಕನ್ನಡದಲ್ಲಿ ಹೇಳಬಹುದು.

ಕೈಯನ್ನು ಆಳುವ ಭಾಗವನ್ನು ಪ್ರಚೋದಿಸಬಹುದಾದರೆ, ಭಾವನೆಗಳನ್ನು ಹದದಲ್ಲಿಡುವ ಭಾಗವನ್ನೇಕೆ ಪ್ರಚೋದಿಸಬಾರದು? ತೀವ್ರ ಖಿನ್ನತೆಯಿಂದ ನರಳುವ ಅನೇಕರಲ್ಲಿ, ಎಡ ಹಣೆಯ ಮೇಲ್ಭಾಗದ ಹಿಂದಿರುವ ಮೆದುಳಿನ ಚಟುವಟಿಕೆ ಮಂದವಾಗಿರುವುದನ್ನು ವೈದ್ಯರು ಕಂಡಿದ್ದರು. 1995ರಲ್ಲಿ ಅಮೆರಿಕದ ಮಾರ್ಕ್ ಜಾರ್ಜ್ ಮತ್ತು ಸಂಗಡಿಗರು ಆ ಭಾಗಕ್ಕೆ ದಿನವೂ ಕಾಂತಪ್ರಚೋದನೆ ಕೊಟ್ಟು ಫಲವನ್ನು ಪರೀಕ್ಷಿಸಿದರು. ಔಷಧದಿಂದ ಗುಣ ಕಾಣದ ಖಿನ್ನತೆಗೆ ಇದನ್ನು ಬಳಸಲು ಅಮೆರಿಕದ ಸರ್ಕಾರವು 2008ರಲ್ಲಿ ಅನುಮತಿಯಿತ್ತಿತು. 2018ರಲ್ಲಿ ಗೀಳುರೋಗಕ್ಕೂ ಅನುಮತಿ ದೊರೆಯಿತು.

ಚಿಕಿತ್ಸೆಯ ಕ್ರಮ ಹೀಗಿದೆ. ರೋಗಿಯು ಎಚ್ಚರವಾಗಿಯೇ ಕುರ್ಚಿಯಲ್ಲಿ ಒರಗಿರುತ್ತಾನೆ. ಮತ್ತು ಬರಿಸುವ ಔಷಧವಿಲ್ಲ, ಕೊಯ್ತವಿಲ್ಲ. 8ರ ಆಕಾರದ ಸುರುಳಿಯನ್ನು ತಲೆಗೆ ತಾಗಿಸಿಡುತ್ತಾರೆ. ಪ್ರತಿ ಮಿಡಿತವೂ ಒಂದು ಸೆಕೆಂಡಿನ ಸಾವಿರದಲ್ಲೊಂದು ಭಾಗಕ್ಕಿಂತ ಕಡಿಮೆ ಹೊತ್ತಿನದು; ಅದು ಮುಟ್ಟುವ ಆಳ ಸುಮಾರು 2ರಿಂದ 3 ಸೆಂಟಿಮೀಟರು. ಯಂತ್ರವು ಟಕಟಕನೆ ಸದ್ದು ಮಾಡುವುದರಿಂದ ಕಿವಿಗೆ ಬಿರಡೆಯಿಡುತ್ತಾರೆ. ಮೊದಲು ರೂಢಿಗೆ ಬಂದ ಕ್ರಮದಲ್ಲಿ ದಿನಕ್ಕೆ ಸುಮಾರು 37 ನಿಮಿಷ, 3,000 ಮಿಡಿತ, ವಾರಕ್ಕೆ ಐದು ದಿನ, ನಾಲ್ಕರಿಂದ ಆರು ವಾರ. 414 ರೋಗಿಗಳನ್ನು ಕುರಿತು ಕೆನಡಾದಲ್ಲಿ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನವು, 600 ಮಿಡಿತಗಳ ಮೂರೇ ನಿಮಿಷದ ಕ್ರಮವೂ ಅದಕ್ಕೆ ಕಡಿಮೆಯಲ್ಲವೆಂದು ತೋರಿಸಿತು.

ಇಲ್ಲಿ ವಿಚಾರವಂತರಿಗೆ ಒಂದು ಸಂಶಯ ಬಾರದಿರದು. ಕಾಂತದ ಹೆಸರಿನಲ್ಲಿ ರೋಗ ಕಳೆಯುವೆವೆಂದವರು ಹಿಂದೆಯೂ ಇದ್ದರಲ್ಲವೆ? ಇದ್ದರು. ಹದಿನೆಂಟನೆಯ ಶತಮಾನದಲ್ಲಿ ಪ್ಯಾರಿಸಿನಲ್ಲಿ ಮೆಸ್ಮರ್ ಎಂಬ ವೈದ್ಯನು, ದೇಹದಲ್ಲಿ ಕಾಣದೊಂದು ಕಾಂತದ್ರವ ಹರಿಯುತ್ತದೆಂದೂ ಅದನ್ನು ತಾನು ಸರಿಪಡಿಸಬಲ್ಲೆನೆಂದೂ ಹೇಳಿ ಮಹಾ ಕೀರ್ತಿ ಪಡೆದನು. 1784ರಲ್ಲಿ ಫ್ರಾನ್ಸಿನ ದೊರೆಯು ಬೆಂಜಮಿನ್ ಫ್ರಾಂಕ್ಲಿನ್, ಲಾವಾಸಿಯೆ ಮೊದಲಾದ ವಿದ್ವಾಂಸರ ಸಮಿತಿಯನ್ನು ನೇಮಿಸಿದನು. ಮೆಸ್ಮರನ ಶಿಷ್ಯನೊಬ್ಬನು ತೋಟದ ಒಂದು ಮರಕ್ಕೆ ‘ಕಾಂತಶಕ್ತಿ’ ತುಂಬಿದನು. ಹನ್ನೆರಡು ವರ್ಷದ ಬಾಲಕನೊಬ್ಬನ ಕಣ್ಣು ಕಟ್ಟಿ ಮರದಿಂದ ಮರಕ್ಕೆ ನಡೆಸಿದರು. ಅವನು ನಾಲ್ಕನೆಯ ಮರದ ಬಳಿ ಮೂರ್ಛೆ ಹೋದನು. ಆ ಮರಕ್ಕೆ ಯಾರೂ ಏನನ್ನೂ ತುಂಬಿರಲಿಲ್ಲ! ಫಲವೆಲ್ಲವೂ ಕಲ್ಪನೆಯದೆಂದು ಸಮಿತಿ ತೀರ್ಮಾನಿಸಿತು.

ಇಂದಿನ ಕಾಂತಚಿಕಿತ್ಸೆಯೂ ಅಂಥದೇ ಪರೀಕ್ಷೆಗೆ ಒಳಗಾಗಿದೆ. 2010ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ 190 ಖಿನ್ನತೆಯ ರೋಗಿಗಳಿದ್ದರು. ಕೆಲವರಿಗೆ ನಿಜವಾದ ಪ್ರಚೋದನೆ. ಉಳಿದವರಿಗೆ ಅದರಂತೆಯೇ ತೋರುವ, ಆದರೆ ಮೆದುಳನ್ನು ಮುಟ್ಟದ ಸೋಗಿನ ಪ್ರಚೋದನೆ. ತಮಗೆ ಯಾವುದು ದೊರೆಯುತ್ತಿದೆಯೆಂದು ರೋಗಿಗಳಿಗೆ ತಿಳಿಸಿರಲಿಲ್ಲ. ನಿಜ ಚಿಕಿತ್ಸೆಯಲ್ಲಿ ನೂರಕ್ಕೆ ಸುಮಾರು 14 ಮಂದಿ ರೋಗಲಕ್ಷಣಗಳಿಂದ ಬಹುಮಟ್ಟಿಗೆ ಮುಕ್ತರಾದರು. ಸೋಗಿನದರಲ್ಲಿ ಸುಮಾರು 5 ಮಂದಿ. ಈ ಅಂಕಿಗಳು ಎರಡು ಮಾತು ಹೇಳುತ್ತವೆ. ಚಿಕಿತ್ಸೆಯ ಫಲ ಬರಿಯ ಕಲ್ಪನೆಯಲ್ಲ. ಆದರೆ ಅದು ಎಲ್ಲರನ್ನೂ ಗುಣಪಡಿಸುವ ಸಂಜೀವಿನಿಯೂ ಅಲ್ಲ. ಚಿಕಿತ್ಸೆ ಪಡೆದವರಲ್ಲಿ ಕೆಲವರಿಗೆ ತಲೆನೋವು ಬರುವುದುಂಟು. ಬಹು ವಿರಳವಾಗಿ ಸೆಳವು ಬರಬಹುದು. ತಲೆಯೊಳಗೆ ಲೋಹದ ತುಣುಕು ಅಥವಾ ಕಿವಿಯೊಳಗೆ ಶ್ರವಣಯಂತ್ರವನ್ನು ನೆಟ್ಟಿರುವವರಿಗೆ ಇದು ಸಲ್ಲದು. ಆದುದರಿಂದ ಮನೋವೈದ್ಯರ ಪರೀಕ್ಷೆಯಿಲ್ಲದೆ ಇದನ್ನು ಪಡೆಯಲಾಗದು.

ಜಾತ್ರೆಯಲ್ಲಿ, ಜಾಹೀರಾತಿನಲ್ಲಿ ಮಾರುವ ಕಾಂತದ ಬಳೆ, ಸರ, ಹಾಸಿಗೆಗಳಿಗೂ ಈ ಚಿಕಿತ್ಸೆಗೂ ಯಾವ ಸಂಬಂಧವೂ ಇಲ್ಲ. ಬಳೆಯ ಕಾಂತವು ಸುರುಳಿಯೊಳಗೆ ಸುಮ್ಮನಿರುವ ಕಾಂತದಂತೆ. ಅದರ ದುರ್ಬಲ ಕ್ಷೇತ್ರವು ಮೆದುಳಿನ ನರಕೋಶವನ್ನು ಎಚ್ಚರಿಸಲಾರದು. ಹತ್ತನೆಯ ತರಗತಿಯ ಪಾಠವನ್ನು ಚೆನ್ನಾಗಿ ಅರಿತ ಹುಡುಗಿಯು ಮನೆಯವರ ಹಣವನ್ನು ಇಂಥ ಕಡೆ ಉಳಿಸಬಲ್ಲಳು.

ತಾಯಿತಂದೆಗಳಲ್ಲಿ ನಮ್ಮದೊಂದು ವಿಜ್ಞಾಪನೆ. ಮನೆಯಲ್ಲಿ ಯಾರಾದರೂ ವಾರಗಟ್ಟಲೆ ಮಂಕಾಗಿದ್ದು, ಊಟ ನಿದ್ರೆಗಳನ್ನು ಬಿಟ್ಟು, ಬದುಕೇ ಬೇಡವೆಂದರೆ ಅದನ್ನು ಸೋಮಾರಿತನವೆಂದು ಬೈಯಬೇಡಿರಿ, ಗ್ರಹಚಾರವೆಂದು ಮುಚ್ಚಿಡಬೇಡಿರಿ. ಮೆದುಳೂ ಹೃದಯದಂತೆ, ಕಣ್ಣಿನಂತೆ ಒಂದು ಅಂಗ. ಅದಕ್ಕೂ ಬೇನೆಯುಂಟು, ಬೇನೆಗೆ ಮದ್ದೂ ಉಂಟು. ಮೊದಲ ಮದ್ದು ವೈದ್ಯರೊಡನೆ ಮಾತು, ಅನಂತರ ಔಷಧ, ಅವುಗಳಿಂದ ಗುಣವಾಗದವರಿಗೆ ಕಾಂತಪ್ರಚೋದನೆಯೂ ಒಂದು ದಾರಿ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಈ ಚಿಕಿತ್ಸೆಯೂ ಅದರ ಸಂಶೋಧನೆಯೂ ನಡೆಯುತ್ತಿವೆ. ಗಡಿಯೂರಿನಲ್ಲಿರುವವರು ಬೆಂಗಳೂರಿಗೆ ಹೋಗುವ ಮುನ್ನ ಮನೆಯಿಂದಲೇ 14416 ಸಂಖ್ಯೆಗೆ ದೂರವಾಣಿ ಮಾಡಬಹುದು. ಅದು ಭಾರತ ಸರ್ಕಾರವು 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಸೇವೆ, ಹಗಲಿರುಳೂ ಉಚಿತ.

ವಿದ್ಯಾರ್ಥಿಗಳು ಉತ್ತರಿಸಬೇಕಾದ ಪ್ರಶ್ನೆಗಳು:

1. ಅಲುಗದ ಕಾಂತದಿಂದ ಗ್ಯಾಲ್ವನೋಮೀಟರಿನ ಮುಳ್ಳು ಏಕೆ ಓಲುವುದಿಲ್ಲ?

2. ಮೆದುಳನ್ನು ಮುಟ್ಟಲು ನೇರ ವಿದ್ಯುತ್ತಿಗಿಂತ ಕಾಂತಕ್ಷೇತ್ರವು ಹೇಗೆ ಮೇಲು?

3. 2010ರ ಅಧ್ಯಯನದಲ್ಲಿ ಸೋಗಿನ ಚಿಕಿತ್ಸೆಯ ಗುಂಪು ಇಲ್ಲದಿದ್ದರೆ, 14 ಎಂಬ ಅಂಕಿಯಿಂದ ನಾವು ಯಾವ ತಪ್ಪು ತೀರ್ಮಾನಕ್ಕೆ ಬರುತ್ತಿದ್ದೆವು?