ಇಬ್ಬರ ತಂಡ ಕಲಿಸುವ ಆರೋಗ್ಯಪಾಠ

ದೇಹದ ಮುಖ್ಯ ಸ್ನಾಯುಗಳೆಲ್ಲಕ್ಕೂ ಏಕಕಾಲದಲ್ಲಿ ದುಡಿಮೆ ಕೊಡುವ ವ್ಯಾಯಾಮಗಳಲ್ಲಿ ಈಜು ಅಗ್ರಗಣ್ಯವಾದುದು. ಆದರೂ ನೂರು ಕೋಟಿಗೆ ಮಿಕ್ಕಿ ಜನರಿರುವ ನಮ್ಮ ದೇಶದಿಂದ 2024ರ ಪ್ಯಾರಿಸ್ ಒಲಿಂಪಿಕ್ಸ್‌ನ ಈಜುಕೊಳಕ್ಕೆ ಇಳಿದವರು ಇಬ್ಬರೇ. ಡೈವಿಂಗ್ ಸ್ಪರ್ಧೆಯಲ್ಲಂತೂ ಭಾರತೀಯರೇ ಇರಲಿಲ್ಲ. ಈಜಿದ ಇಬ್ಬರೂ ಬೆಂಗಳೂರಿನವರೆಂಬುದು ಹೈದರಾಬಾದಿನ ಕನ್ನಡಿಗರಾದ ನಮಗೆ ಹೆಮ್ಮೆಯ ಸಂಗತಿ. ಇಬ್ಬರೇ ಎಂಬುದು ವಿಚಾರಾರ್ಹ ಸಂಗತಿ.

ಅರ್ಹತೆಯ ಬಗೆ

ಒಲಿಂಪಿಕ್ಸ್‌ಗೆ ನೇರ ಪ್ರವೇಶ ಪಡೆಯಲು ನಿಗದಿತ 'ಎ' ಕಾಲಮಿತಿಯೊಳಗೆ ಈಜಬೇಕು. ಭಾರತೀಯರಲ್ಲಿ ಇದನ್ನು ಮೊದಲು ಸಾಧಿಸಿದವರು ಸಾಜನ್ ಪ್ರಕಾಶ್. ಅನಂತರ ಶ್ರೀಹರಿ ನಟರಾಜ್. ಎರಡೂ 2021ರಲ್ಲಿ. ನೂರು ಮೀಟರ್ ಬ್ಯಾಕ್‌ಸ್ಟ್ರೋಕ್‌ಗೆ ಮಿತಿ 53.85 ಸೆಕೆಂಡು, ಶ್ರೀಹರಿ ಈಜಿದ್ದು 53.77ರಲ್ಲಿ. ವರ್ಷಗಳ ಸಾಧನೆ ಒಂದು ಸೆಕೆಂಡಿನ ನೂರರಲ್ಲಿ ಎಂಟು ಪಾಲಿನಿಂದ ನಿರ್ಧಾರವಾಯಿತು!

ಆ ಮಿತಿಯನ್ನು ಮುಟ್ಟದ ರಾಷ್ಟ್ರಗಳಿಗೂ ಒಬ್ಬ ಪುರುಷ, ಒಬ್ಬ ಮಹಿಳೆಯನ್ನು ಕಳುಹಿಸುವ ಅವಕಾಶವುಂಟು. ಪ್ಯಾರಿಸ್‌ಗೆ ಶ್ರೀಹರಿ ಮತ್ತು 14 ವರ್ಷದ ಧಿನಿಧಿ ದೇಸಿಂಗು ಹೋದದ್ದು ಈ ಮಾರ್ಗದಿಂದ. ಇನ್ನೂರು ಮೀಟರ್ ಫ್ರೀಸ್ಟೈಲ್‌ನಲ್ಲಿ ಧಿನಿಧಿ 2 ನಿಮಿಷ 6.96 ಸೆಕೆಂಡುಗಳಲ್ಲಿ ಗುರಿ ಸೇರಿ 23ನೆಯವಳಾದಳು. ಇಬ್ಬರಿಗೂ ಮುಂದಿನ ಸುತ್ತು ದಕ್ಕಲಿಲ್ಲ.

ನೀರಿನಲ್ಲಿ ದೇಹ

ಗೋಪುರದ ಶಿಖರ ಎತ್ತರವಾಗಬೇಕಾದರೆ ಅಡಿಪಾಯ ವಿಶಾಲವಾಗಿರಬೇಕಲ್ಲವೆ? ಈಜು ಬಲ್ಲ ಮಕ್ಕಳೇ ಆ ಅಡಿಪಾಯ. ಅವರೆಲ್ಲ ಸ್ಪರ್ಧಿಗಳಾಗಬೇಕೆಂದಿಲ್ಲ, ಆರೋಗ್ಯಲಾಭ ಎಲ್ಲರಿಗೂ ಉಂಟು. ಕುತ್ತಿಗೆಯವರೆಗೆ ನೀರಿನಲ್ಲಿ ನಿಂತಾಗ ಕಾಲುಗಳು ಹೊರುವುದು ದೇಹಭಾರದ ಸುಮಾರು ಹತ್ತನೆಯ ಒಂದಂಶವನ್ನು ಮಾತ್ರ. ಆದುದರಿಂದ ಮೊಣಕಾಲು ನೋವಿನವರಿಗೂ ನೀರಿನ ವ್ಯಾಯಾಮ ಹಿತಕರ. ಹೃದ್ರೋಗ, ಮೂರ್ಛೆರೋಗ ಇರುವವರು ವೈದ್ಯರ ಸಲಹೆ ಪಡೆದೇ ಇಳಿಯಬೇಕು.

ಧುಮುಕುವುದು ಬೇರೆಯೇ ವಿದ್ಯೆ. ಹತ್ತು ಮೀಟರ್ ಎತ್ತರದಿಂದ ಹಾರಿದವರು ಗಂಟೆಗೆ ಸುಮಾರು 50 ಕಿಲೋಮೀಟರ್ ವೇಗದಲ್ಲಿ ನೀರನ್ನು ಸೇರುತ್ತಾರೆ. ಅದಕ್ಕಾಗಿಯೇ ಅಲ್ಲಿನ ಕೊಳ ಬಹಳ ಆಳವಾಗಿರುತ್ತದೆ. ಆಳವರಿಯದ ಕೆರೆ, ಕಲ್ಲುಕ್ವಾರಿಗಳಿಗೆ ತಲೆಕೆಳಗಾಗಿ ಧುಮುಕಿದರೆ ಕತ್ತಿನ ಮೂಳೆ ಮುರಿದು ಜೀವಮಾನದ ಅಂಗವೈಕಲ್ಯ ಉಂಟಾಗಬಹುದು.

ಪ್ರಾಣರಕ್ಷಕ ವಿದ್ಯೆ

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಲ್ಲಿ ಸುಮಾರು ಮೂರು ಲಕ್ಷ ಜನ ನೀರಿನಲ್ಲಿ ಮುಳುಗಿ ಸತ್ತರು. ಶಾಲಾವಯಸ್ಸಿನ ಮಕ್ಕಳಿಗೆ ಈಜು ಮತ್ತು ಜಲಸುರಕ್ಷತೆಯನ್ನು ಕಲಿಸಬೇಕೆಂಬುದು ಆ ಸಂಸ್ಥೆಯ ಸಲಹೆ. ಬೆಂಗಳೂರಿನ ನಿಶಾ ಮಿಲ್ಲೆಟ್ ಬಾಲ್ಯದಲ್ಲಿ ಮುಳುಗುವುದರಿಂದ ಪಾರಾದವರು. ಭಯ ಗೆದ್ದು ಈಜು ಕಲಿತು, 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ದೇಶವನ್ನು ಪ್ರತಿನಿಧಿಸಿದರು.

ಊರಿನಲ್ಲಿ ನಮ್ಮ ಹಿರಿಯರು ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿಕೊಂಡು ಬಾವಿಯಲ್ಲಿ ಈಜು ಕಲಿತರು. ನಗರದ ಮಕ್ಕಳಿಗೆ ಆ ಬಾವಿಯಿಲ್ಲ, ಕಲಿಸುವ ಸೋದರಮಾವನೂ ಬಳಿಯಲ್ಲಿಲ್ಲ. ಆದರೆ ಈಜುಕೊಳಗಳಿವೆ. 2003ರಲ್ಲಿ ಆಫ್ರೋ-ಏಷ್ಯನ್ ಕ್ರೀಡಾಕೂಟ ಹೈದರಾಬಾದಿನಲ್ಲಿ ನಡೆದಾಗ ಎರಡು ಖಂಡಗಳ ಈಜುಗಾರರು ಗಚ್ಚಿಬೌಲಿಯ ಕೊಳದಲ್ಲಿ ಸ್ಪರ್ಧಿಸಿದ್ದರು.

ತಂದೆತಾಯಂದಿರು ಮಕ್ಕಳನ್ನು ಬಲ್ಲ ಶಿಕ್ಷಕರ ಕೈಗೊಪ್ಪಿಸಲಿ. ಕಾವಲಿಲ್ಲದ ನೀರಿಗೆ ಎಂದೂ ಬಿಡದಿರಲಿ. ಮೊದಲು ತೇಲುವುದು, ಬಳಿಕ ಉಸಿರಾಟದ ಹದ, ಕೊನೆಯಲ್ಲಿ ವೇಗ: ಇದೇ ಕ್ರಮ. ಪದಕ ಬರಲಿ, ಬಾರದಿರಲಿ, ಕಲಿತ ಮಗುವಿನ ಪ್ರಾಣಕ್ಕೆ ಒಂದು ಆಸರೆ ದೊರೆತಂತಾಗುತ್ತದೆ.